ಟೀಕೆ ಮಾಡಿದರೆ ಹಕ್ಕುಸ್ವಾಮ್ಯದ ನೋಟಿಸ್: ಇದು ಕೃತಿಯ ರಕ್ಷಣೆಯೇ, ಬಾಯಿ ಮುಚ್ಚಿಸುವ ದಾರಿಯೇ?

ಸಾಣೆಕಲ್ಲು
ಟಿ.ವಿ. ಚರ್ಚೆಗಳಲ್ಲಿ ಕೇಳಿಬರುವ ಹೇಳಿಕೆಗಳನ್ನು ಮೂಲ ದಾಖಲೆಗಳ ಪಕ್ಕದಲ್ಲಿಟ್ಟು ನೋಡುವ ಸಣ್ಣ ಯೂಟ್ಯೂಬ್ ಚಾನೆಲ್ ನನ್ನದು. ಮೊನ್ನೆ ಹಾಕಿದ ವಿಡಿಯೊದಲ್ಲಿ, ಒಂದು ವಾಹಿನಿಯ ನಿರೂಪಕರು ಒಂದು ವರದಿಯ ಹೆಸರು ಹೇಳಿ ಆಡಿದ ಒಂದೇ ಒಂದು ವಾಕ್ಯವನ್ನು ತೋರಿಸಿದ್ದೆ. ಪರದೆಯ ಅರ್ಧಭಾಗದಲ್ಲಿ ಅವರ ಮಾತು, ಇನ್ನರ್ಧದಲ್ಲಿ ಆ ವರದಿಯ ಪುಟ, ಅವರು ಹೇಳಿದ ಸಂಖ್ಯೆ ಇರಬೇಕಾಗಿದ್ದ ಕೋಷ್ಟಕದ ಸುತ್ತ ಕೆಂಪು ಗೆರೆ. ಆ ಸಂಖ್ಯೆ ಅಲ್ಲಿ ಇರಲಿಲ್ಲ. ತುಣುಕು ಹನ್ನೆರಡು ಸೆಕೆಂಡಿನದು. ವಿಡಿಯೊ ಜನರಿಂದ ಜನರಿಗೆ ಹೋಗತೊಡಗಿದ ಸಂಜೆಯೇ ಅದನ್ನು ತೆಗೆದುಹಾಕಲಾಯಿತು. ಕಾರಣ: ಹಕ್ಕುಸ್ವಾಮ್ಯದ ಉಲ್ಲಂಘನೆ. ಚಾನೆಲ್ ಮೇಲೆ ಸ್ಟ್ರೈಕ್, ಅಂದರೆ ಎಚ್ಚರಿಕೆಯ ಗುರುತು, ಕೂಡ ಬಿತ್ತು.

ನಾನು ಹೇಳಿದ್ದು ತಪ್ಪು ಎಂದು ಆ ವಾಹಿನಿ ಎಲ್ಲಿಯೂ ಹೇಳಿಲ್ಲ. ತಪ್ಪು ಎನ್ನುವ ಅಗತ್ಯವೇ ಅವರಿಗೆ ಬೀಳಲಿಲ್ಲ. ಒಬ್ಬರು ಆಡಿದ ಮಾತು ಸುಳ್ಳೆಂದು ತೋರಿಸಬೇಕಾದರೆ ಆ ಮಾತನ್ನು ಕೇಳಿಸದೆ ತೋರಿಸುವುದು ಹೇಗೆ? ಅನುಭವ ಇದ್ದವರು ಹೇಳಿ.

ಮೂರನೇಸಾಲು
ಅಕ್ಷರದಲ್ಲಿ ಬರೆದು ಹಾಕಿ. ಮಾತನ್ನು ಟೈಪ್ ಮಾಡಿ ತೋರಿಸಿದರೆ ಯಾರೂ ಕೇಳುವುದಿಲ್ಲ.

ಸಾಣೆಕಲ್ಲು
ಹಿಂದೆ ಹಾಗೇ ಮಾಡುತ್ತಿದ್ದೆ. "ಅವರು ಹೀಗೆ ಹೇಳಿಯೇ ಇಲ್ಲ, ನೀವು ಕಟ್ಟಿದ ಕಥೆ" ಎನ್ನುವ ಪ್ರತಿಕ್ರಿಯೆಗಳೇ ಬರುತ್ತಿದ್ದವು. ಧ್ವನಿ, ಮುಖ, ಕೆಳಗೆ ಓಡುವ ಶೀರ್ಷಿಕೆ ಇವೆಲ್ಲ ಸೇರಿದರೆ ಮಾತ್ರ ಅದು ಸಾಕ್ಷ್ಯ.

ದಾರಿಹೋಕ
ಹತ್ತು ಸೆಕೆಂಡಿನ ಒಳಗಿದ್ದರೆ ತೊಂದರೆ ಇಲ್ಲ ಎಂದು ಕೇಳಿದ್ದೇನೆ. ನಿಮ್ಮದು ಹನ್ನೆರಡು ಆಗಿದ್ದೇ ಸಮಸ್ಯೆ ಇರಬೇಕು.

ಕಲಂ_52
ದಾರಿಹೋಕ ಅವರೇ, ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಸೆಕೆಂಡುಗಳ ಲೆಕ್ಕವೂ ಇಲ್ಲ, "ಇದರ ಮಾಲೀಕ ನಾನಲ್ಲ" ಎಂದು ಕೆಳಗೆ ಬರೆದರೆ ಪಾರಾಗಬಹುದು ಎನ್ನುವುದೂ ಇಲ್ಲ. ಎಷ್ಟು ತೆಗೆದುಕೊಂಡಿರಿ ಎನ್ನುವುದರ ಜೊತೆಗೆ ಯಾಕೆ ತೆಗೆದುಕೊಂಡಿರಿ, ಮೂಲದ ಮಾರುಕಟ್ಟೆಗೆ ಪೆಟ್ಟು ಬಿತ್ತೇ ಎನ್ನುವುದನ್ನು ನೋಡುತ್ತಾರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆ ಮತ್ತು ಪ್ರಚಲಿತ ಘಟನೆಗಳ ವರದಿಗೆ ಮಾಡುವ ನ್ಯಾಯೋಚಿತ ಬಳಕೆಯನ್ನು ಉಲ್ಲಂಘನೆ ಅಲ್ಲ ಎನ್ನುತ್ತದೆ. ಅಮೆರಿಕದಲ್ಲಿ ಇದೇ ಬಗೆಯ ವಿನಾಯಿತಿಗೆ ಫೇರ್ ಯೂಸ್ ಎನ್ನುತ್ತಾರೆ, ಅದು ಇದಕ್ಕಿಂತ ಅಗಲ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ 10ನೇ ವಿಧಿಯಂತೂ, ಪ್ರಕಟವಾದ ಕೃತಿಯಿಂದ ಉದ್ದೇಶಕ್ಕೆ ತಕ್ಕಷ್ಟು ಉಲ್ಲೇಖಿಸಲು ಅವಕಾಶ ಇರಲೇಬೇಕು ಎನ್ನುತ್ತದೆ. ಸಾಣೆಕಲ್ಲು ಅವರು ವಿವರಿಸಿದ ಬಳಕೆ ಇವುಗಳ ನಡುಮಧ್ಯದಲ್ಲಿ ನಿಲ್ಲುವಂಥದ್ದು.

ಸಾಣೆಕಲ್ಲು
ಹಾಗಾದರೆ ಕಾನೂನು ನನ್ನ ಪರ. ಆದರೂ ವಿಡಿಯೊ ಇಲ್ಲ. ಇದು ಹೇಗೆ?

ಕಲಂ_52
ಕಾನೂನಿನ ಮಾತು ಒಂದು, ಅದು ನಡೆಯುವ ಕ್ರಮ ಇನ್ನೊಂದು. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಂತೆ ದೂರು ಬಂದ ಕೂಡಲೇ ತಾಣ ವಿಷಯವನ್ನು ತೆಗೆದರೆ, ತಾಣಕ್ಕೆ ಹೊಣೆಗಾರಿಕೆ ಇಲ್ಲ. ನೀವು ಪ್ರತಿ ನೋಟಿಸ್, ಅಂದರೆ ಇದು ಉಲ್ಲಂಘನೆ ಅಲ್ಲ ಎನ್ನುವ ಉತ್ತರ, ಕೊಡಬಹುದು. ಕೊಟ್ಟ ಮೇಲೆ, ದೂರುದಾರರು ನ್ಯಾಯಾಲಯಕ್ಕೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ಅದನ್ನು ಮರಳಿ ಹಾಕಬೇಕು. ಭಾರತದ ನಿಯಮದಲ್ಲೂ ಇದೇ ಗುಣ: ದೂರು ಬಂದ 36 ಗಂಟೆಯೊಳಗೆ ತೆಗೆಯಬೇಕು, 21 ದಿನಗಳಲ್ಲಿ ನ್ಯಾಯಾಲಯದ ಆದೇಶ ಬಾರದಿದ್ದರೆ ಮರಳಿ ಹಾಕಬಹುದು. ಎರಡರಲ್ಲೂ ಮೊದಲು ಶಿಕ್ಷೆ, ಆಮೇಲೆ ವಿಚಾರಣೆ.

ಅಡಿಟಿಪ್ಪಣಿ
ಇದೇ ಮಾತನ್ನು ನಾನು ಹೇಳಬೇಕೆಂದಿದ್ದೆ. ಕಾದಂಬರಿಯ ವಿಮರ್ಶೆ ಎರಡು ವಾರ ತಡವಾದರೆ ಏನೂ ಆಗುವುದಿಲ್ಲ. ಚುನಾವಣೆಯ ಹಿಂದಿನ ವಾರ ಒಬ್ಬರ ಸುಳ್ಳನ್ನು ತೋರಿಸುವ ವಿಡಿಯೊ ಎರಡು ವಾರ ತಡವಾದರೆ ಅದು ಸತ್ತಂತೆಯೇ. ನ್ಯಾಯಾಲಯವೇ ಇಂಥ ತಡೆಯಾಜ್ಞೆ ಕೊಡಬೇಕಾದರೆ ಸಾಮಾನ್ಯವಾಗಿ ಎರಡೂ ಕಡೆಯ ಮಾತು ಕೇಳಿ, ಕಾರಣ ಬರೆಯುತ್ತದೆ. ಇಲ್ಲಿ ಒಂದು ಅರ್ಜಿ ತುಂಬಿದರೆ ಸಾಕು.

ಬೆಳಕಿಂಡಿ
ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿದ್ದೀರಿ, ಆದ್ದರಿಂದ ಹೇಳುತ್ತಿದ್ದೇನೆ. ನಾನು ಹಕ್ಕಿಗಳ ಛಾಯಾಗ್ರಹಣದಿಂದ ಬದುಕುವವಳು. ನಸುಕಿಗೆ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕಾದು ತೆಗೆದ ಚಿತ್ರ, ಹಾಕಿದ ದಿನವೇ ನನ್ನ ಹೆಸರನ್ನು ಕತ್ತರಿಸಿಕೊಂಡು ಹತ್ತಾರು ಪುಟಗಳಲ್ಲಿ ಕಾಣಿಸುತ್ತದೆ. ಕೆಲವರು ಅದನ್ನು ಕ್ಯಾಲೆಂಡರ್ ಮಾಡಿ ಮಾರುತ್ತಾರೆ. ಕೇಳಿದರೆ "ನಾವು ಪರಿಸರ ಜಾಗೃತಿ ಮಾಡುತ್ತಿದ್ದೇವೆ, ಇದು ನಮ್ಮ ಅಭಿವ್ಯಕ್ತಿ" ಎನ್ನುತ್ತಾರೆ. ಪ್ರತಿಯೊಬ್ಬರ ಮೇಲೂ ಮೊಕದ್ದಮೆ ಹೂಡಲು ನನ್ನ ಹತ್ತಿರ ಹಣ ಇಲ್ಲ, ವಕೀಲರೂ ಇಲ್ಲ. ನೀವು ಬೈಯುತ್ತಿರುವ ಆ ಅರ್ಜಿಯೊಂದೇ ನನ್ನ ಕೈಯಲ್ಲಿರುವುದು. ಮೊದಲು ವಿಚಾರಣೆ, ಆಮೇಲೆ ತೆಗೆಯುವುದು ಎಂದರೆ ಕದ್ದವರು ಮಾರಿ ಮುಗಿಸಿರುತ್ತಾರೆ.

ತಂಬೂರಿ
ಬೆಳಕಿಂಡಿ ಅವರ ಮಾತಿಗೆ ನನ್ನದೂ ಒಂದು ಕೈ. ಹಾಡುಗಾರರ ಪಾಡೂ ಇದೇ. ಆದರೆ ನಮಗೆ ಇನ್ನೊಂದು ಪಾಡೂ ಇದೆ. ಶತಮಾನಗಳ ಹಿಂದಿನ ರಚನೆಯನ್ನು ನಾನೇ ಹಾಡಿ, ನಾನೇ ಧ್ವನಿಮುದ್ರಿಸಿ ಹಾಕಿದ್ದಕ್ಕೆ ಒಂದು ಧ್ವನಿಮುದ್ರಣ ಸಂಸ್ಥೆ ತನ್ನದೆಂದು ಹಕ್ಕು ಸಾಧಿಸಿತು. ರಾಗ ಒಂದೇ, ಸಾಹಿತ್ಯ ಒಂದೇ, ಯಂತ್ರಕ್ಕೆ ಅಷ್ಟು ಸಾಕು. ಕಾಂಟೆಂಟ್ ಐಡಿಯಿಂದ ಸ್ಟ್ರೈಕ್ ಬಿದ್ದು ತಲೆ ಕೆಟ್ಟುಹೋಗಿತ್ತು.

ಗಣಕಿ
ತಂಬೂರಿ ಅವರೇ, ಕಾಂಟೆಂಟ್ ಐಡಿ ಮತ್ತು ಸ್ಟ್ರೈಕ್ ಬೇರೆ ಬೇರೆ. ಇದನ್ನು ಬೆರೆಸಿದರೆ ತಪ್ಪು ಬಾಗಿಲನ್ನು ತಟ್ಟುತ್ತೀರಿ. ಕಾಂಟೆಂಟ್ ಐಡಿ ಎನ್ನುವುದು ಯೂಟ್ಯೂಬ್ 2007ರಲ್ಲಿ ತಂದ ಸ್ವಂತ ಹೊಂದಾಣಿಕೆ ಯಂತ್ರ. ಅದು ಸಿಕ್ಕ ವಿಡಿಯೊದ ಜಾಹೀರಾತು ಹಣವನ್ನು ಹಕ್ಕುದಾರರಿಗೆ ಕೊಡುತ್ತದೆ ಅಥವಾ ವಿಡಿಯೊವನ್ನು ತಡೆಯುತ್ತದೆ, ಸ್ಟ್ರೈಕ್ ಕೊಡುವುದಿಲ್ಲ. ಸ್ಟ್ರೈಕ್ ಬರುವುದು ಕಾನೂನಿನಡಿ ಸಲ್ಲಿಸಿದ ತೆರವು ನೋಟಿಸ್‌ನಿಂದ. ಅಂಥ ಮೂರು 90 ದಿನಗಳೊಳಗೆ ಬಂದರೆ ಚಾನೆಲ್ ಮುಚ್ಚಿಹೋಗುತ್ತದೆ.

ಯಂತ್ರದ ಕುರುಡುತನಕ್ಕೆ ಒಂದು ನಿದರ್ಶನ. 2012ರ ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳ ಗ್ರಹದ ಮೇಲಿಳಿದಾಗ ನಾಸಾ ತನ್ನದೇ ಚಾನೆಲ್‌ನಲ್ಲಿ ಹಾಕಿದ ವಿಡಿಯೊ, ಒಂದು ಸುದ್ದಿ ಸಂಸ್ಥೆಯ ಹಕ್ಕುಸಾಧನೆಯಿಂದ ಕೆಲವು ಗಂಟೆ ಕಾಣೆಯಾಗಿತ್ತು. ನಾಸಾದಂಥ ನಾಸಾಕ್ಕೇ ಈ ಗತಿ.

ಹಳೆಪುಟ
ಚರಿತ್ರೆಯನ್ನು ನೋಡಿದರೆ ಇದರಲ್ಲಿ ಅಚ್ಚರಿ ಇಲ್ಲ. ಹಕ್ಕುಸ್ವಾಮ್ಯ ಹುಟ್ಟಿದ್ದೇ ಸೆನ್ಸಾರ್‌ನ ಮನೆಯಲ್ಲಿ. ಇಂಗ್ಲೆಂಡಿನಲ್ಲಿ 1557ರಲ್ಲಿ ಲಂಡನ್ನಿನ ಮುದ್ರಕರ ಸಂಘಕ್ಕೆ ರಾಜಸನ್ನದು ಸಿಕ್ಕಿತು. ಮುದ್ರಣದ ಏಕಸ್ವಾಮ್ಯ ಅವರಿಗೆ, ಅದಕ್ಕೆ ಬದಲಾಗಿ ಅರಸರಿಗೆ ಬೇಡವಾದ ಪುಸ್ತಕಗಳನ್ನು ಹುಡುಕಿ ಹಿಡಿಯುವ ಕೆಲಸವೂ ಅವರಿಗೇ. ಲಾಭ ಮತ್ತು ನಿಗಾ ಒಂದೇ ಕೈಯಲ್ಲಿ ಇದ್ದವು. ಮುದ್ರಣಕ್ಕೆ ಪರವಾನಗಿ ಬೇಕೆನ್ನುವ ಕಾಯ್ದೆ 1695ರಲ್ಲಿ ಮುಗಿದಾಗ ಮುದ್ರಕರು ತಮ್ಮ ವ್ಯಾಪಾರ ಹೋಯಿತೆಂದು ಸಂಸತ್ತಿನ ಬಾಗಿಲು ಬಡಿದರು. ಅದರ ಫಲವೇ 1710ರ ಕಾಯ್ದೆ.

ಕಲಂ_52
ಅರ್ಧ ಹೇಳಿ ನಿಲ್ಲಿಸಿದಿರಿ. ಆ 1710ರ ಕಾಯ್ದೆ ಹಕ್ಕನ್ನು ಮುದ್ರಕರಿಗಲ್ಲ, ಬರೆದವರಿಗೆ ಕೊಟ್ಟಿತು. ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕರು ಬದುಕಿದ್ದರೆ ಇನ್ನೂ 14, ಆಮೇಲೆ ಅದು ಎಲ್ಲರದು. ಒಬ್ಬ ಲೇಖಕ ಅರಮನೆಯ ಅಥವಾ ಶ್ರೀಮಂತರ ಹಂಗಿಲ್ಲದೆ ಓದುಗರ ದುಡ್ಡಿನಿಂದಲೇ ಬದುಕಬಹುದಾದರೆ, ಅದಕ್ಕಿಂತ ದೊಡ್ಡ ವಾಕ್ ಸ್ವಾತಂತ್ರ್ಯ ಯಾವುದು? ಹಂಗಿಲ್ಲದ ಬರವಣಿಗೆಯನ್ನು ಸಾಧ್ಯ ಮಾಡಿದ ಕಾನೂನನ್ನು ಸೆನ್ಸಾರ್‌ನ ಮಗು ಎಂದಷ್ಟೇ ಕರೆಯುವುದು ಅನ್ಯಾಯ.

ಹಳೆಪುಟ
14 ವರ್ಷ ಎಂದಿರಿ. ಈಗ ಎಷ್ಟು? ಯುರೋಪ್, ಅಮೆರಿಕಗಳಲ್ಲಿ ಲೇಖಕರು ತೀರಿದ ಮೇಲೆ 70 ವರ್ಷ. ಭಾರತದಲ್ಲಿ 60. ಅದೂ ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ 1992ರಲ್ಲಿ 10 ವರ್ಷ ಏರಿಸಿದರು. ತೀರಿಹೋದವರಿಗೆ ಯಾರ ಹಂಗು? ಆ ವರ್ಷಗಳೆಲ್ಲ ವಾರಸುದಾರರಿಗೆ ಮತ್ತು ಪ್ರಕಾಶಕರಿಗೆ.

ಅಡಿಟಿಪ್ಪಣಿ
ವಾರಸುದಾರರ ವಿಷಯ ಬಂದಿತಲ್ಲ, ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ನಾನು ಜೀವನಚರಿತ್ರೆಗಳ ಮೇಲೆ ಕೆಲಸ ಮಾಡುವವಳು. ನಮ್ಮ ಕ್ಷೇತ್ರದಲ್ಲಿ ಹಕ್ಕುಸ್ವಾಮ್ಯ ಎಂದರೆ ಹಣದ ಪ್ರಶ್ನೆ ಆಗಿರುವುದು ಅಪರೂಪ. ಯಾವ ಸಂಗತಿ ಹೊರಬರಬೇಕು, ಯಾವುದು ಬಾರದು ಎನ್ನುವುದೇ ಪ್ರಶ್ನೆ.

ಅಮೆರಿಕದ ಕೋಟ್ಯಧಿಪತಿ ಹೊವಾರ್ಡ್ ಹ್ಯೂಸ್ ತನ್ನ ಬಗ್ಗೆ ಪುಸ್ತಕ ಬರುತ್ತಿದೆ ಎಂದು ತಿಳಿದಾಗ ಏನಾಯಿತು ನೋಡಿ. ಆ ಪುಸ್ತಕ ಆಧರಿಸಿದ್ದ ಹಳೆಯ ಪತ್ರಿಕಾ ಲೇಖನಗಳ ಹಕ್ಕನ್ನು ಅವನ ಕಡೆಯ ಕಂಪನಿಯೊಂದು ಕೊಂಡುಕೊಂಡು, ಆಮೇಲೆ ಉಲ್ಲಂಘನೆ ಎಂದು ದಾವೆ ಹೂಡಿತು. 1966ರಲ್ಲಿ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಸೊಪ್ಪು ಹಾಕಲಿಲ್ಲ. ಆದರೆ 1987ರಲ್ಲಿ ಕಾದಂಬರಿಕಾರ ಸ್ಯಾಲಿಂಜರ್ ತಾನು ಬರೆದ ಅಪ್ರಕಟಿತ ಪತ್ರಗಳನ್ನು ಜೀವನಚರಿತ್ರೆಯಲ್ಲಿ ಬಳಸದಂತೆ ತಡೆದಾಗ ನ್ಯಾಯಾಲಯ ಅವನ ಪರ ನಿಂತಿತು. ಪತ್ರಗಳು ಗ್ರಂಥಾಲಯಗಳಲ್ಲಿದ್ದವು, ಯಾರು ಬೇಕಾದರೂ ಹೋಗಿ ಓದಬಹುದಿತ್ತು. ಓದಬಹುದು, ಉಲ್ಲೇಖಿಸಬಾರದು! ಆ ತೀರ್ಪಿನ ಹೊಡೆತ ಎಷ್ಟಿತ್ತೆಂದರೆ, ಅಪ್ರಕಟಿತ ಎನ್ನುವ ಒಂದೇ ಕಾರಣಕ್ಕೆ ಫೇರ್ ಯೂಸ್ ತಪ್ಪಿಹೋಗುವುದಿಲ್ಲ ಎಂದು 1992ರಲ್ಲಿ ಅಮೆರಿಕದ ಕಾಂಗ್ರೆಸ್ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು.

ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ಭಾಷಣ ಇಡೀ ಜಗತ್ತಿಗೆ ಗೊತ್ತು. ಅದರ ಹಕ್ಕು ಕುಟುಂಬದ ಕೈಯಲ್ಲಿದೆ. 2014ರಲ್ಲಿ ಅವರ ಹೋರಾಟದ ಮೇಲೆ ಬಂದ ಚಲನಚಿತ್ರದಲ್ಲಿ ಅವರ ಭಾಷಣಗಳನ್ನು ಬಳಸಲಾಗದೆ, ಅದೇ ಧಾಟಿಯ ಬೇರೆ ಮಾತುಗಳನ್ನು ಬರೆಸಿದರು. ಚರಿತ್ರೆಯ ಪುರುಷನ ಬಾಯಿಯಲ್ಲಿ ಅವನಾಡದ ಮಾತು. ನನಗೆ ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಮೂರನೇಸಾಲು
ಆದರೆ ಹಕ್ಕುಸ್ವಾಮ್ಯದಿಂದ ಒಳ್ಳೆಯದೂ ಆಗಿದೆಯಲ್ಲವೇ? ಹಿಟ್ಲರನ ಪುಸ್ತಕದ ಹಕ್ಕು ಬವೇರಿಯಾ ಸರ್ಕಾರದ ಬಳಿ ಇತ್ತು. ಅದನ್ನು ಹಿಡಿದೇ ಅವರು ದಶಕಗಳ ಕಾಲ ಜರ್ಮನಿಯಲ್ಲಿ ಮರುಮುದ್ರಣ ಆಗದಂತೆ ನೋಡಿಕೊಂಡರು.

ಹಳೆಪುಟ
ಅದೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಅಲ್ಲಿ ಸರ್ಕಾರ ಕೃತಿಯನ್ನು ರಕ್ಷಿಸುತ್ತಿರಲಿಲ್ಲ, ಅಡಗಿಸುತ್ತಿತ್ತು. ಉದ್ದೇಶ ಒಳ್ಳೆಯದೇ ಇರಲಿ, ಸಾಧನ ಸೆನ್ಸಾರ್‌ನದೇ. 2015ರ ಕೊನೆಗೆ ಹಕ್ಕು ಮುಗಿಯಿತು. 2016ರ ಜನವರಿಯಲ್ಲಿ ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ ಸಾವಿರಾರು ಟಿಪ್ಪಣಿಗಳ ಜೊತೆ ವಿಮರ್ಶಾತ್ಮಕ ಆವೃತ್ತಿ ತಂದಿತು. ಒಂದೊಂದು ಸುಳ್ಳಿನ ಪಕ್ಕದಲ್ಲೂ ಅದರ ಉತ್ತರ ಇದೆ. ದ್ವೇಷದ ಮಾತಿಗೆ ಬೇರೆ ಕಾನೂನುಗಳಿವೆ, ಅವನ್ನು ಬಳಸಲಿ. ಹಕ್ಕುಸ್ವಾಮ್ಯಕ್ಕೆ ಆ ಕೆಲಸ ಹಚ್ಚಿದರೆ ನಾಳೆ ಬೇರೆ ಸರ್ಕಾರವೂ ಹಚ್ಚುತ್ತದೆ.

ಅಡಿಟಿಪ್ಪಣಿ
ನಾಳೆ ಏಕೆ, ಆಗಲೇ ಹಚ್ಚಿದೆ. ಜರ್ಮನಿಯ ಸರ್ಕಾರ ಅಫ್ಘಾನಿಸ್ತಾನದಲ್ಲಿದ್ದ ತನ್ನ ಸೇನೆಯ ವರದಿಗಳನ್ನು ಪತ್ರಿಕೆಯೊಂದು ಹೊರಹಾಕಿದಾಗ ಹಕ್ಕುಸ್ವಾಮ್ಯದ ಮೇಲೆಯೇ ದಾವೆ ಹೂಡಿತ್ತು. ಸೇನೆಯ ಸ್ಥಿತಿಗತಿಯ ವರದಿ ಎನ್ನುವುದು ಸೃಜನಶೀಲ ಕೃತಿಯೇ? ಯುರೋಪಿನ ನ್ಯಾಯಾಲಯ 2019ರಲ್ಲಿ ಅದೇ ಪ್ರಶ್ನೆಯನ್ನು ಕೇಳಿತು. ಕೊನೆಗೆ 2020ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಪತ್ರಿಕೆಯ ಪರ ತೀರ್ಪು ಕೊಟ್ಟಿತು.

ದಾರಿಹೋಕ
ಅಮೆರಿಕದಲ್ಲಿ ಪೊಲೀಸರು ಹಾಡು ಹಾಕುತ್ತಾರಂತೆ, ನಿಜವೇ?

ಗಣಕಿ
ನಿಜ. 2021ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಪ್ರತಿಭಟನಕಾರರು ಚಿತ್ರೀಕರಿಸುತ್ತಿದ್ದಾಗ ಒಬ್ಬ ಅಧಿಕಾರಿ ಮೊಬೈಲ್ ತೆಗೆದು ಜನಪ್ರಿಯ ಹಾಡೊಂದನ್ನು ಜೋರಾಗಿ ಹಾಕಿದ. ಎಷ್ಟು ಬೇಕಾದರೂ ಚಿತ್ರೀಕರಿಸಿ, ಯೂಟ್ಯೂಬ್‌ಗೆ ಮಾತ್ರ ಹಾಕಲಾಗದು ಎಂದು ಅವನೇ ಹೇಳುವುದು ಆ ವಿಡಿಯೊದಲ್ಲಿ ಕೇಳುತ್ತದೆ. ಆ ವಿಡಿಯೊ ಉಳಿದುಕೊಂಡಿತು. ಆದರೆ ಸಮವಸ್ತ್ರದಲ್ಲಿರುವ ಒಬ್ಬನಿಗೆ ಈ ಯೋಚನೆ ಹೊಳೆದದ್ದೇ ನನ್ನನ್ನು ಹೆದರಿಸುತ್ತದೆ. ಹಾಡು ಬರೆದವರಿಗೂ ಆ ಬೀದಿಗೂ ಸಂಬಂಧವೇ ಇಲ್ಲ.

ಬೆಳಕಿಂಡಿ
ಇವೆಲ್ಲ ದುರುಪಯೋಗದ ಕಥೆಗಳು. ಅವನ್ನು ಹಿಡಿದು ಇಡೀ ಹಕ್ಕನ್ನೇ ಅನುಮಾನಿಸಬೇಡಿ. ನನ್ನ ಕಡೆಯ ಕಥೆಯನ್ನೂ ಕೇಳಿ. ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಭಾವಚಿತ್ರ ತೆಗೆದರು. ಹೆಸರಾಂತ ಕಲಾವಿದ ಆಂಡಿ ವಾರ್ಹೊಲ್ ಅದಕ್ಕೆ ಬಣ್ಣ ಬಳಿದು ಒಂದು ಸರಣಿಯನ್ನೇ ಮಾಡಿದರು. ಪ್ರಿನ್ಸ್ ತೀರಿದ ಮೇಲೆ ಆ ಚಿತ್ರಗಳಲ್ಲಿ ಒಂದನ್ನು ಪತ್ರಿಕೆಯ ಮುಖಪುಟಕ್ಕೆ ಕೊಟ್ಟಾಗ ಹಣ, ಹೆಸರು ಎಲ್ಲ ವಾರ್ಹೊಲ್ ಪ್ರತಿಷ್ಠಾನಕ್ಕೆ, ಗೋಲ್ಡ್‌ಸ್ಮಿತ್‌ಗೆ ಏನೂ ಇಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಗೋಲ್ಡ್‌ಸ್ಮಿತ್ ಪರ ನಿಂತಿತು. "ನಾನು ಇದನ್ನು ಕಲೆಯಾಗಿ ಮಾರ್ಪಡಿಸಿದೆ" ಎಂದು ದೊಡ್ಡವರು ಹೇಳಿದ ಮಾತ್ರಕ್ಕೆ ಚಿಕ್ಕವರ ಶ್ರಮ ಬಿಟ್ಟಿಯಾಗಬೇಕೇ?

ತಂಬೂರಿ
ಅಲ್ಲಿಯೂ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಕೇಗನ್ ಇದು ಸೃಜನಶೀಲತೆಯನ್ನು ಉಸಿರುಗಟ್ಟಿಸುತ್ತದೆ ಎಂದರು. ಹಿಂದಿನದರ ಮೇಲೆ ಕಟ್ಟದ ಕಲೆ ಯಾವುದು? ನಮ್ಮ ಸಂಗೀತದಲ್ಲಿ ಒಬ್ಬರ ಸಂಚಾರವನ್ನು ಇನ್ನೊಬ್ಬರು ಎತ್ತಿಕೊಂಡು ಬೆಳೆಸುವುದೇ ಪರಂಪರೆ.

ಬೆಳಕಿಂಡಿ
ಎತ್ತಿಕೊಂಡು ಬೆಳೆಸುವುದು ಬೇರೆ, ಎತ್ತಿಕೊಂಡು ಮಾರುವುದು ಬೇರೆ.

ಸಾಣೆಕಲ್ಲು
ಬೆಳಕಿಂಡಿ ಅವರೇ, ನಿಮ್ಮ ಕ್ಯಾಲೆಂಡರ್ ಕಳ್ಳರಿಗೂ ನನಗೂ ಒಂದೇ ಅರ್ಜಿ, ಒಂದೇ ಶಿಕ್ಷೆ ಎನ್ನುವುದೇ ನನ್ನ ನೋವು. ನಾನು ಆ ವಾಹಿನಿಯ ಕಾರ್ಯಕ್ರಮವನ್ನು ಮಾರಲಿಲ್ಲ. ನನ್ನ ವಿಡಿಯೊ ನೋಡಿದವರು "ಇನ್ನು ಆ ಚರ್ಚೆ ನೋಡಬೇಕಾಗಿಲ್ಲ" ಎಂದರೆ ಅದು ಕಳವಿನಿಂದ ಅಲ್ಲ, ಟೀಕೆಯಿಂದ.

ಕಲಂ_52
ಇದು ಮುಖ್ಯವಾದ ಮಾತು. ಟೀಕೆಯಿಂದ ಮಾರಾಟ ಕುಸಿದರೆ ಅದನ್ನು ಹಕ್ಕುಸ್ವಾಮ್ಯದ ನಷ್ಟ ಎಂದು ಲೆಕ್ಕಿಸುವುದಿಲ್ಲ. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಣಕು ಹಾಡೊಂದರ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಅಣಕ ಮೂಲದ ಮೇಲಿನ ಬೇಡಿಕೆಯನ್ನು ಕೊಂದರೂ ಸರಿ, ಮೂಲದ ಜಾಗದಲ್ಲಿ ತಾನು ಕೂರಬಾರದು. ಕೇರಳ ಹೈಕೋರ್ಟ್ ಕೂಡ 1996ರಲ್ಲಿ ಪ್ರಸಿದ್ಧ ರಾಜಕೀಯ ನಾಟಕವೊಂದಕ್ಕೆ ಉತ್ತರವಾಗಿ ಬರೆದ ಪ್ರತಿನಾಟಕವನ್ನು ತಡೆಯಲು ಒಪ್ಪಲಿಲ್ಲ. ಮೂಲದ ಪಾತ್ರಗಳು, ಸಂಭಾಷಣೆಗಳು ಅದರಲ್ಲಿದ್ದವು. ಮೂಲವನ್ನು ಪ್ರಶ್ನಿಸಲು ಅವು ಬೇಕಾಗಿದ್ದವು.

ಬೆಳಕಿಂಡಿ ಅವರಿಗೂ ಒಂದು ಸಮಾಧಾನ ಇದೆ. ಇಡೀ ಚಿತ್ರವನ್ನು ಯಾವ ಮಾತೂ ಸೇರಿಸದೆ ಎತ್ತಿದವರಿಗೆ ಈ ಯಾವ ರಕ್ಷಣೆಯೂ ಸಿಗುವುದಿಲ್ಲ.

ಹಳೆಪುಟ
ಕಲಂ_52 ಅವರೇ, ನೀವು ಗೆದ್ದ ಪ್ರಕರಣಗಳನ್ನೇ ಹೇಳುತ್ತೀರಿ. 1985ರದು ಏನಾಯಿತು? ಅಮೆರಿಕದ ಮಾಜಿ ಅಧ್ಯಕ್ಷ ಫೋರ್ಡ್ ಅವರ ಆತ್ಮಕಥೆ ಹೊರಬರುವ ಮೊದಲೇ ಒಂದು ವಾರಪತ್ರಿಕೆ ಅದರ ಸುಮಾರು 300 ಪದಗಳನ್ನು ಹಾಕಿತು. ತಮಗಿಂತ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟ ಬಗೆ ಅದರಲ್ಲಿತ್ತು. ಅದಕ್ಕಿಂತ ದೊಡ್ಡ ಸುದ್ದಿ ಯಾವುದು? ಪುಸ್ತಕ 2,00,000 ಪದಗಳದ್ದು. ಆದರೂ ಪತ್ರಿಕೆ ಸೋತಿತು.

ಕಲಂ_52
ಸೋತಿತು, ಮತ್ತು ಆ ತೀರ್ಪಿನಲ್ಲಿ ಹುರುಳಿದೆ. ಸಂಗತಿಗಳನ್ನು ಹೇಳಲು ಪತ್ರಿಕೆಗೆ ಯಾವ ಅಡ್ಡಿಯೂ ಇರಲಿಲ್ಲ. ಸಂಗತಿಗೆ ಹಕ್ಕುಸ್ವಾಮ್ಯ ಇಲ್ಲ, ಪದಗಳ ಜೋಡಣೆಗೆ ಮಾತ್ರ ಇದೆ. 1978ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಫೋರ್ಡ್ ಪ್ರಕರಣದಲ್ಲಿ ಪತ್ರಿಕೆ ಕದ್ದುಬಂದ ಹಸ್ತಪ್ರತಿಯಿಂದ ತಿರುಳನ್ನೇ ಎತ್ತಿತು. ಮುಂಚಿತವಾಗಿ ಆಯ್ದ ಭಾಗ ಪ್ರಕಟಿಸಲು ಒಪ್ಪಂದ ಮಾಡಿಕೊಂಡಿದ್ದ ಇನ್ನೊಂದು ಪತ್ರಿಕೆ ಹಿಂದೆ ಸರಿಯಿತು. ಇದು ನೇರ ನಷ್ಟ.

ಅಡಿಟಿಪ್ಪಣಿ
ಪದಗಳ ಜೋಡಣೆಯೇ ಸಂಗತಿ ಆಗಿರುವ ಸಂದರ್ಭ ಇದೆಯಲ್ಲ? ಅಧಿಕಾರದಲ್ಲಿದ್ದವರು ಒಂದು ನಿರ್ಧಾರವನ್ನು ಯಾವ ಮಾತಿನಲ್ಲಿ ಸಮರ್ಥಿಸಿಕೊಂಡರು ಎನ್ನುವುದು ನಮ್ಮ ಮಾತಿನಲ್ಲಿ ಹೇಳಿದರೆ ಅರ್ಧ ಸತ್ತಿರುತ್ತದೆ. ಸಾಣೆಕಲ್ಲು ಅವರ ಹನ್ನೆರಡು ಸೆಕೆಂಡೂ ಅದೇ ಜಾತಿಯದು.

ದಾರಿಹೋಕ
ಕೃತಕ ಬುದ್ಧಿಮತ್ತೆಗೆ ಪುಸ್ತಕ ಓದಿಸುವುದು ಇದರಲ್ಲಿ ಯಾವ ಕಡೆ ಬರುತ್ತದೆ?

ಗಣಕಿ
ಅದಕ್ಕೆ ಬೇರೆಯೇ ಚರ್ಚೆ ಬೇಕು, ಇಲ್ಲಿ ಶುರುಮಾಡಿದರೆ ಸಾಣೆಕಲ್ಲು ಅವರ ಪ್ರಶ್ನೆ ಮುಳುಗಿಹೋಗುತ್ತದೆ. ಸುಳ್ಳು ದೂರಿಗೆ ಏನು ಶಿಕ್ಷೆ ಎನ್ನುವುದನ್ನು ಯಾರೂ ಹೇಳಲಿಲ್ಲವಲ್ಲ?

ಕಲಂ_52
ಡಿಎಂಸಿಎಯಲ್ಲಿ ಇದೆ. ತಿಳಿದೂ ಸುಳ್ಳು ದೂರು ಕೊಟ್ಟರೆ ನಷ್ಟ ಕಟ್ಟಿಕೊಡಬೇಕು. 2004ರಲ್ಲಿ ಮತಯಂತ್ರ ತಯಾರಿಸುವ ಡೀಬೋಲ್ಡ್ ಕಂಪನಿಗೆ ಹಾಗೆ ಆಯಿತು. ಯಂತ್ರಗಳ ದೋಷಗಳ ಬಗ್ಗೆ ಅದರ ನೌಕರರು ಬರೆದುಕೊಂಡ ಇಮೇಲ್‌ಗಳನ್ನು ವಿದ್ಯಾರ್ಥಿಗಳು ಹಾಕಿದ್ದರು. ಕಂಪನಿ ಹಕ್ಕುಸ್ವಾಮ್ಯದ ನೋಟಿಸ್‌ಗಳನ್ನು ಕಳುಹಿಸಿ ತೆಗೆಸಲು ನೋಡಿತು. ನ್ಯಾಯಾಲಯ ಅದನ್ನು ದುರುಪಯೋಗ ಎಂದಿತು, ಕಂಪನಿ 1,25,000 ಡಾಲರ್ ತೆತ್ತಿತು.

ಆದರೆ "ತಿಳಿದೂ" ಎನ್ನುವುದನ್ನು ಸಾಬೀತುಪಡಿಸುವುದು ಕಷ್ಟ. 2007ರಲ್ಲಿ ತಾಯಿಯೊಬ್ಬರು ತಮ್ಮ ಪುಟ್ಟ ಮಗು ಹಾಡಿಗೆ ಕುಣಿಯುವ 29 ಸೆಕೆಂಡಿನ ವಿಡಿಯೊ ಹಾಕಿದ್ದಕ್ಕೆ ಸಂಗೀತ ಕಂಪನಿ ನೋಟಿಸ್ ಕಳುಹಿಸಿತು. ದೂರು ಕೊಡುವ ಮುನ್ನ ಫೇರ್ ಯೂಸ್ ಆಗಿರಬಹುದೇ ಎಂದು ಯೋಚಿಸಲೇಬೇಕು ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಜೊತೆಗೆ, ಹಾಗೆ ಯೋಚಿಸಿ, ಇದು ಫೇರ್ ಯೂಸ್ ಅಲ್ಲ ಎಂದು ದೂರುದಾರರು ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು, ಆ ನಂಬಿಕೆ ತಪ್ಪಾಗಿದ್ದರೂ ಹೊಣೆ ಇಲ್ಲ ಎಂದಿತು. ಕುಣಿದ ಮಗು ಅಷ್ಟರಲ್ಲಿ ಶಾಲೆಗೆ ಹೋಗುವಷ್ಟು ದೊಡ್ಡದಾಗಿತ್ತು.

ಸಾಣೆಕಲ್ಲು
ಪ್ರತಿ ನೋಟಿಸ್ ಕೊಡೋಣ ಎಂದು ಅರ್ಜಿ ತೆರೆದೆ. ಅದರಲ್ಲಿ ನನ್ನ ಪೂರ್ಣ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಎಲ್ಲ ಬರೆಯಬೇಕು, ಅದು ದೂರು ಕೊಟ್ಟವರ ಕೈಗೇ ಹೋಗುತ್ತದೆ. ಚಾನೆಲ್‌ನಲ್ಲಿ ನನ್ನ ಮುಖ, ಹೆಸರು ಏನೂ ಇಲ್ಲ. ಬೇಕೆಂದೇ ಹಾಗೆ ಇಟ್ಟಿದ್ದೇನೆ.

ಅಡಿಟಿಪ್ಪಣಿ
ನೋಡಿ, ಇದು ಇನ್ನೊಂದು ಬೀಗ. ಟೀಕಿಸಿದ ಮಾತನ್ನು ಮರಳಿ ಪಡೆಯಬೇಕಾದರೆ ಟೀಕೆಗೆ ಗುರಿಯಾದವರಿಗೆ ಮನೆಯ ವಿಳಾಸ ಕೊಡಬೇಕು. ಎಷ್ಟು ಜನ ಕೊಡುತ್ತಾರೆ?

ಕಲಂ_52
ವಕೀಲರ ಮೂಲಕ ಸಲ್ಲಿಸುವ ದಾರಿಯೂ ಇದೆ, ಅದನ್ನು ಮೊದಲು ನೋಡಿ. ತೆಗೆದುಹಾಕಿದ ವಿಡಿಯೊ, ನೋಟಿಸ್, ಮೂಲ ವರದಿಯ ಪುಟ ಎಲ್ಲವನ್ನೂ ದಿನಾಂಕದ ಸಮೇತ ತೆಗೆದಿಟ್ಟುಕೊಳ್ಳಿ. ಅರ್ಜಿಯಲ್ಲಿ ಭಾವನೆ ಬೇಡ. ಯಾವ ವಾಕ್ಯ, ಎಷ್ಟು ಹೊತ್ತು, ಅದರ ಮೇಲೆ ನಿಮ್ಮ ಟೀಕೆ ಎಷ್ಟು ಹೊತ್ತು ಎನ್ನುವುದನ್ನು ಬರೆಯಿರಿ.

ಗಣಕಿ
ಯೂಟ್ಯೂಬ್ ತಾನೇ ಪ್ರಕಟಿಸುವ ವರದಿಗಳ ಪ್ರಕಾರ ಕಾಂಟೆಂಟ್ ಐಡಿ ಹಕ್ಕುಸಾಧನೆಗಳಲ್ಲಿ ಶೇ 1ಕ್ಕಿಂತ ಕಡಿಮೆ ಮಾತ್ರ ಪ್ರಶ್ನೆಗೆ ಒಳಗಾಗುತ್ತವೆ. ಪ್ರಶ್ನಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಕಿದವರ ಪರವಾಗಿಯೇ ಮುಗಿಯುತ್ತವೆ. ಅಂದರೆ ಪ್ರಶ್ನಿಸಿದರೆ ಗೆಲ್ಲುವ ಅವಕಾಶ ಚೆನ್ನಾಗಿಯೇ ಇದೆ, ಜನ ಹೆದರಿ ಸುಮ್ಮನಾಗುತ್ತಾರೆ.

ಬೆಳಕಿಂಡಿ
ಶೇ 99 ಜನ ಪ್ರಶ್ನಿಸದಿರಲು ಕಾರಣ ಹೆದರಿಕೆ ಎಂದು ನೀವು ಹೇಗೆ ಹೇಳುತ್ತೀರಿ? ಬೇರೆಯವರದನ್ನು ಎತ್ತಿದ್ದು ನಿಜವಾದ್ದರಿಂದ ಸುಮ್ಮನಾದವರೇ ಹೆಚ್ಚಿರಬಹುದು.

ಗಣಕಿ
ಎರಡೂ ಇರಬಹುದು, ಒಪ್ಪಿದೆ. ಆದರೆ ಪರಿಹಾರದ ಮಾತಾಡೋಣ. ಯುರೋಪ್ 2019ರ ನಿರ್ದೇಶನದಲ್ಲಿ ಜನ ಹಾಕುವ ವಿಷಯಕ್ಕೆ ದೊಡ್ಡ ತಾಣಗಳಿಗೇ ಹೊಣೆ ಹೊರಿಸಿತು, ಅದನ್ನು ಪೋಲೆಂಡ್ ಪ್ರಶ್ನಿಸಿತು. 2022ರಲ್ಲಿ ಯುರೋಪಿನ ನ್ಯಾಯಾಲಯ ನಿಯಮವನ್ನು ಉಳಿಸಿಕೊಂಡಿತು, ಆದರೆ ಕಾನೂನುಬದ್ಧ ಬಳಕೆಯನ್ನೂ ಅಕ್ರಮ ಬಳಕೆಯನ್ನೂ ಬೇರ್ಪಡಿಸಲಾರದ ಸೋಸುಯಂತ್ರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಗೆರೆ ಎಳೆಯಿತು. ಕೆನಡಾದಲ್ಲಿ 2015ರಿಂದ ಇನ್ನೂ ಸರಳ ಕ್ರಮ. ದೂರು ಬಂದರೆ ಅಂತರ್ಜಾಲ ಸೇವೆ ಕೊಡುವವರು ಅದನ್ನು ಹಾಕಿದವರಿಗೆ ತಲುಪಿಸಬೇಕು, ಅಷ್ಟೇ. ತೆಗೆಯಬೇಕಾದರೆ ನ್ಯಾಯಾಲಯ ಹೇಳಬೇಕು.

ಬೆಳಕಿಂಡಿ
ಕ್ಯಾಲೆಂಡರ್ ಮಾರುವವರಿಗೆ ಒಂದು ಪತ್ರ ತಲುಪಿಸಿದರೆ ಅವರು ನಿಲ್ಲಿಸುತ್ತಾರೆಯೇ? ನಾನು ಇದನ್ನು ಒಪ್ಪುವುದಿಲ್ಲ. ಎರಡು ಬಗೆಯ ದೂರುಗಳನ್ನು ಬೇರೆ ಮಾಡಿ. ಕೃತಿಯನ್ನು ಇಡಿಯಾಗಿ ಎತ್ತಿದ್ದರೆ ಈಗಿನ ಕ್ರಮವೇ ಇರಲಿ. ತುಣುಕನ್ನು ಎತ್ತಿ ಅದರ ಮೇಲೆ ಮಾತನಾಡಿದ್ದರೆ, ಹಾಕಿದವರ ಉತ್ತರ ಬರುವವರೆಗೆ ಮುಟ್ಟಬೇಡಿ.

ಸಾಣೆಕಲ್ಲು
ನನಗೆ ಬೇಕಾಗಿರುವುದು ಇಷ್ಟೇ.

ಹಳೆಪುಟ
ಯಾವುದು ಯಾವ ಬಗೆ ಎಂದು ತೀರ್ಮಾನಿಸುವವರು ಯಾರು? ಚಲನಚಿತ್ರವನ್ನು ಪೂರ್ತಿ ಹಾಕಿ ನಡುನಡುವೆ "ಚೆನ್ನಾಗಿದೆ" ಎಂದವರೂ ಅದನ್ನು ಟೀಕೆ ಎನ್ನುತ್ತಾರೆ.

ಕಲಂ_52
ಹಾಕುವವರೇ ಘೋಷಿಸಲಿ. ದೂರು ಕೊಡುವವರು ಈಗ ಹೇಗೆ ಹೇಳಿಕೆಗೆ ಸಹಿ ಹಾಕುತ್ತಾರೋ ಹಾಗೆ "ಇದು ಟೀಕೆಗಾಗಿ ಮಾಡಿದ ಬಳಕೆ" ಎಂದು ಇವರೂ ಸಹಿ ಹಾಕಲಿ. ವಿವಾದ ಆದರೆ ಮನುಷ್ಯರು ನೋಡಲಿ, ಅಲ್ಲಿಯವರೆಗೆ ವಿಡಿಯೊ ಇರಲಿ.

ಬೆಳಕಿಂಡಿ
ಸುಳ್ಳು ಘೋಷಣೆಗೆ ದಂಡ ಇದ್ದರೆ ನನ್ನ ಒಪ್ಪಿಗೆ ಇದೆ. ಇಬ್ಬರಿಗೂ ಒಂದೇ ದಂಡ, ವಾಹಿನಿಗೂ ಸರಿ, ಕ್ಯಾಲೆಂಡರ್ ಮಾರುವವರಿಗೂ ಸರಿ.